ಏಳು ಎಸಳಿನ ಒರಳು

ಒರಳಿನ ಸುತ್ತ ಕೆಂಪು ಸೀಮೆಸುಣ್ಣದಿಂದ ಅರ್ಧ ಸುತ್ತು ಗೆರೆ ಎಳೆದ ಮೌನೇಶ ಅಲ್ಲಿಗೇ ಕೈ ನಿಲ್ಲಿಸಿ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ಉಳಿದರ್ಧ ಎಳೆಯಬೇಕೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ. ಗಾರೆಯ ಬುಟ್ಟಿ ಹೊತ್ತು ಮಂಟಪದ ಮೆಟ್ಟಿಲೇರಿ ಬಂದ ವಿರುಪಮ್ಮ ಅದನ್ನು ನೋಡಿದಳು. ನೋಡಿದವಳು ತಲೆಯ ಮೇಲೆ ಬುಟ್ಟಿ ಇದೆ ಎನ್ನುವುದನ್ನೂ ಮರೆತು ನಿಂತಳು.

ಹಂಪಿ ಬಜಾರಿನ ಸಾಲುಮಂಟಪಗಳ ರಿಪೇರಿ ಶುರುವಾಗಿ ಆರು ತಿಂಗಳಾಗಿತ್ತು. ಕೆಲಸಕ್ಕೆ ಇದ್ದದ್ದು ಒಂದೇ ಕಾನೂನು. ಬಿಳಿ ಸೀಮೆಸುಣ್ಣ ಬಿದ್ದದ್ದು ರಾಯರ ಕಾಲದ್ದು, ಅದನ್ನು ಯಾರೂ ಮುಟ್ಟುವಂತಿಲ್ಲ. ಕೆಂಪು ಬಿದ್ದದ್ದು ಆಮೇಲೆ ಬಂದು ಮಂಟಪಗಳಲ್ಲಿ ಸಂಸಾರ ಹೂಡಿದವರು ಮಾಡಿಕೊಂಡದ್ದು. ಅದನ್ನು ಕೀಳಬೇಕು, ಉಜ್ಜಬೇಕು, ಕುಣಿಯಾಗಿದ್ದರೆ ಗಾರೆ ತುಂಬಿ ನೆಲಕ್ಕೆ ಸಮ ಮಾಡಬೇಕು. ಐನೂರು ವರ್ಷದ ಹಿಂದೆ ಯಾವನೋ ಕಾವಲಿನವನು ಹೊತ್ತು ಹೋಗದೆ ನೆಲದ ಮೇಲೆ ಗೀಚಿದ ಚೌಕಾಬಾರದ ಮನೆಗೆ ಬಿಳಿ. ನಲವತ್ತು ವರ್ಷ ಒಂದು ಮನೆಯ ಮಕ್ಕಳೆಲ್ಲ ತೊಟ್ಟಿಲಲ್ಲಿ ತೂಗಾಡಿದ ಕಬ್ಬಿಣದ ಕೊಂಡಿಗೆ ಕೆಂಪು. ಹಳೆಯದು ಅನ್ನಿಸಿಕೊಳ್ಳುವುದಕ್ಕೂ ಅದೃಷ್ಟ ಬೇಕು.

ವಿರುಪಮ್ಮ ಈ ಮಂಟಪವನ್ನು ತಪ್ಪಿಸಿಕೊಂಡೇ ಬಂದಿದ್ದಳು. ಮೇಸ್ತ್ರಿ ದುರುಗೇಶ ಬೆಳಿಗ್ಗೆ ಆಳುಗಳನ್ನು ಹಂಚುವಾಗ ಇವಳು ಮುಂದೆ ಬಿದ್ದು, ತಾನು ಆಚೆ ಸಾಲಿಗೆ ಹೋಗುತ್ತೇನೆ ಎನ್ನುತ್ತಿದ್ದಳು. ಆಚೆ ಸಾಲು ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾಳೆ? ಹೋದ ವಾರ ಈ ಮಂಟಪದ ಕಂಬಗಳನ್ನು ಬ್ರಷ್ಷು ಹಿಡಿದು ಅವಳೇ ತೊಳೆದಳು. ಮೊದಲು ನೀಲಿ ಸುಣ್ಣ ಬಿಟ್ಟಿತು. ಅದು ಅವಳ ಮದುವೆಗೆ ಬಳಿದದ್ದು. ಅದರಡಿ ಹಸಿರು, ಹಸಿರಿನಡಿ ಬರೀ ಬಿಳಿ, ಎಲ್ಲಕ್ಕೂ ಅಡಿಯಲ್ಲಿ ಅವಳ ಅಜ್ಜಿಯ ಕಾಲದ ಒಲೆಯ ಮಸಿ. ಒಂದೊಂದು ಪದರವೂ ನೀರಾಗಿ ಕಾಲಡಿಗೆ ಹರಿದು ಹೋಯಿತು. ಏನೂ ಅನ್ನಿಸಲಿಲ್ಲ ಎಂದು ಅವಳು ಅಂದುಕೊಂಡಳು. ನಿಜ ಹೇಳಬೇಕೆಂದರೆ, ಅನ್ನಿಸುವುದಕ್ಕೆ ಬಿಡುವೇ ಆಗದಂತೆ ಕೈ ಓಡಿಸಿದ್ದಳು.

ಆದರೆ ಹಿಂದಿನ ಅಂಕಣದಲ್ಲಿ ಬಿದ್ದಿದ್ದ ಮಣ್ಣು ಇಟ್ಟಿಗೆಯ ಗುಡ್ಡೆಯನ್ನು ಇವತ್ತು ಬೆಳಿಗ್ಗೆ ಬೇರೆ ಆಳುಗಳು ತೆಗೆದಿದ್ದರು. ಅದರಡಿ ಒರಳು ಹಾಗೇ ಇತ್ತು.

“ಬುಟ್ಟಿ ಇಳಸ್ರಿ ವಿರುಪಮ್ಮಕ್ಕ, ಕುತ್ತಿಗಿ ನೋಯ್ತೈತಿ,” ಎಂದ ಮೌನೇಶ.

ಸಂಡೂರು ಕಡೆಯ ಹುಡುಗ, ಯಾವುದಕ್ಕೆ ಯಾವ ಗೆರೆ ಎಂದು ಗುರುತು ಹಾಕಲು ಇಲಾಖೆ ಕಳಿಸಿದವನು. ಓದಿದವನಾದರೂ ಆಳುಗಳ ಜೊತೆ ಕೂತು ಬುತ್ತಿ ಬಿಚ್ಚುವವನು. ಕಲ್ಲಿನ ಮೇಲೆ ಕೈಯಿಟ್ಟರೆ ಎಲ್ಲ ಮರೆಯುತ್ತಾನೆಂದು ಹೆಣ್ಣಾಳುಗಳು ಅವನನ್ನು ಕಂಡು ಹಿಂದಿನಿಂದ ನಗುತ್ತಿದ್ದರು.

“ಇದನ್ನೂ ಮುಚ್ಚೋದೇನ್ರಿ ಸರ್?” ವಿರುಪಮ್ಮ ಬುಟ್ಟಿ ಇಳಿಸಿ ಕೇಳಿದಳು. ದನಿ ಎಂದಿನಂತೆಯೇ ಬಂತೆಂದು ಅವಳಿಗೆ ಸಮಾಧಾನವಾಯಿತು.

“ಅದಾ ಗೊತ್ತಾಗವಲ್ದು. ನೆಲದಾಗಿನ ಕುಣಿ ಎಲ್ಲಾ ಈಗಿನೋರು ಕಡದದ್ದು, ಮುಚ್ಚಿಸಿಬಿಡು ಅಂತ ನಮ್ಮ ದೊಡ್ಡ ಸಾಹೇಬ್ರು ಫೋನಿನಾಗ ಹೇಳಿದ್ರು. ಆದ್ರ ಇದನ್ನ ನೋಡ್ರಿ.” ಅವನು ಒರಳಿನ ಅಂಚಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದ. ಬಾಯಿಯ ಸುತ್ತ ಕಮಲದ ಎಸಳುಗಳು ಬಿಚ್ಚಿಕೊಂಡಿದ್ದವು. “ಆ ಕಂಬದ ಎಸಳಿಗೂ ಈ ಎಸಳಿಗೂ ಒಂದಾ ಅಚ್ಚು. ಉಳಿ ಹಿಡದಾವ ಸಾಮಾನ್ಯ ಅಲ್ಲ. ಆದ್ರ ಎಂಟು ಇರಬೇಕಿತ್ತು, ಏಳಾ ಅದಾವು. ಎಂಟನೇದು ಒಡದಿಲ್ಲ, ಸವದಿಲ್ಲ, ಆ ಜಾಗದಾಗ ಉಳಿನಾ ಬಿದ್ದಿಲ್ಲ. ಇಷ್ಟ್ ಛಂದ ಕೆತ್ತಿದಾವ ಕಡೀಗೆ ಒಂದು ಎಸಳು ಯಾಕ ಬಿಟ್ಟ?”

ಯಾಕೆ ಬಿಟ್ಟನೆಂದು ವಿರುಪಮ್ಮನಿಗೆ ಗೊತ್ತಿತ್ತು. ಅವಳು ಬುಟ್ಟಿಯ ಮೇಲೆ ಹಸಿ ಗೋಣಿತಟ್ಟು ಸರಿಯಾಗಿ ಹೊದಿಸತೊಡಗಿದಳು.

ದುರುಗೇಶನ ಬಾಯಿ ಸುಮ್ಮನಿರಬೇಕಲ್ಲ. “ಸರ್, ಈ ಮಂಟಪದಾಗ ಇದ್ದದ್ದಾ ವಿರುಪಕ್ಕನ ಮನಿಯೋರು. ಮುಂದ ಖಾನಾವಳಿ, ಹಿಂದ ಮನಿ. ಇವರ ಅವ್ವ ಶಾಂತಕ್ಕನ ಶೇಂಗಾ ಚಟ್ನಿ ತಿನ್ನಾಕ ಕಂಪ್ಲಿಯಿಂದ ಬರ್ತಿದ್ರು ಮಂದಿ,” ಎಂದ.

“ಹೌದೇನ್ರಿ?” ಮೌನೇಶ ಎದ್ದು ನಿಂತ. “ಇಷ್ಟು ದಿನ ಹೇಳಲೇ ಇಲ್ಲಲ್ಲ. ಹಂಗಾದ್ರ ನೀವಾ ಹೇಳ್ರಿ. ಈ ಒಳ್ಳು ನೀವು ಬಂದಾಗ್ಲೇ ಇತ್ತಾ, ನಿಮ್ಮೋರು ಕಡಿಸಿದ್ದಾ?”

ಮಂಟಪದಲ್ಲಿದ್ದ ಆಳುಗಳೆಲ್ಲ ಇವಳ ಕಡೆ ತಿರುಗಿದರು. “ನಾನು ಹುಟ್ಟೋಕಿಂತ ಮೊದ್ಲಿಂದು ಸರ್,” ಎಂದಳು ವಿರುಪಮ್ಮ. ಅದು ಸುಳ್ಳೇನೂ ಆಗಿರಲಿಲ್ಲ. “ನಮ್ಮವ್ವನ್ನ ಕೇಳಬೇಕು.”

“ಕೇಳ್ರಿ. ಮನಿ ಹಿರೇರು ಒಬ್ರು, ನಾವು ಬಂದಾಗ್ಲೇ ಇತ್ತು ಅಂತ ಹೇಳಿದ್ರ ನಾ ಬರ್ಕೊಂಡು ಬಿಳಿ ಹಾಕ್ತೀನಿ. ನಮ್ದಾ ಅಂದ್ರ ಆತು, ನಾಳೆ ಮಧ್ಯಾಹ್ನ ತುಂಬಿಬಿಡೋದು. ನಾಡದ್ದು ಸಾಹೇಬ್ರು ನೋಡಾಕ ಬರ್ತಾರ.”

ಸಂಜೆ ಕಡ್ಡಿರಾಂಪುರದ ಕಾಲೊನಿಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಅಪ್ಪನೇ ಇದ್ದ. ಕಾಳಪ್ಪ ಜೀವಮಾನವಿಡೀ ಬೀಸುವ ಕಲ್ಲು, ಒರಳು, ರುಬ್ಬುಗುಂಡು ಕಡೆದವನು. ಎಮ್ಮಿಗನೂರು, ಕಂಪ್ಲಿ, ಪಾಪಿನಾಯಕನಹಳ್ಳಿ, ಎಲ್ಲಿ ಹೋದರೂ ಅವನ ಕಲ್ಲಿಲ್ಲದ ಅಡುಗೆಮನೆ ಇರಲಿಲ್ಲ. ಆಮೇಲೆ ಮಿಕ್ಸಿ ಬಂದವು. ಕಲ್ಲುಗಳೆಲ್ಲ ಹಿತ್ತಲು ಸೇರಿದವು, ಕೋಳಿಗೆ ನೀರಿಡುವ ತಟ್ಟೆಯಾದವು, ಕಟ್ಟೆಯ ಬುನಾದಿಗೆ ಹೋದವು. ಒರಳಿನ ಮೇಲೆ ಹೆಸರು ಕೆತ್ತುವ ಪದ್ಧತಿ ಯಾರಲ್ಲಿದೆ? ಯಾವುದು ಅವನ ಕೈಯದು ಎಂದು ಹೇಳುವುದಕ್ಕೆ ಈಗ ಇದ್ದದ್ದು ಇದೊಂದೇ.

ಇದನ್ನು ಅವನು ಮಾರುವುದಕ್ಕೆ ಕಡೆದದ್ದಲ್ಲ, ಹೆಂಡತಿಗಾಗಿ ಕಡೆದದ್ದು. ಶಾಂತಕ್ಕ ಎಡಚಿ. ಹದಿನೆಂಟರ ಸೊಸೆ ಖಾನಾವಳಿಗೆ ಬಂದು ಎಡಗೈಯಲ್ಲಿ ಸೌಟು ಹಿಡಿದದ್ದೇ ತಡ, ಊಟಕ್ಕೆ ಕೂತ ಯಾತ್ರಿಕರು ಎಲೆ ಬಿಟ್ಟು ಎದ್ದರಂತೆ. ಅತ್ತೆ ಅವಳ ಎಡಗೈಯನ್ನು ಸೆರಗಿನ ತುದಿಯಿಂದ ಸೊಂಟಕ್ಕೆ ಬಿಗಿದು ಕೆಲಸ ಮಾಡಿಸಿದಳು. ಬಡಿಸುವುದು ಬಲಗೈಗೆ ಬಂತು, ರೊಟ್ಟಿ ಬಡಿಯುವುದು ಬಂತು, ರುಬ್ಬುವುದು ಮಾತ್ರ ಬರಲೇ ಇಲ್ಲ. ಹಿಟ್ಟು ತರಿತರಿಯಾಗುತ್ತಿತ್ತು, ದಿನಾ ಬೈಗುಳ. ಮದುವೆಯಾದ ಮರುವರ್ಷ ಕಾಳಪ್ಪ ಯಾರಿಗೂ ಏನೂ ಹೇಳದೆ ಹಿಂದಿನ ಅಂಕಣದಲ್ಲಿ, ಎರಡು ಕಂಬಗಳ ಮರೆಗೆ, ಹೆಂಡತಿಯನ್ನು ನೆಲದ ಮೇಲೆ ಕೂರಿಸಿ, ಮಂಡಿ ಎಲ್ಲಿ ಬರುತ್ತದೆ, ಎಡಗೈ ಎಲ್ಲಿಯವರೆಗೆ ತಿರುಗುತ್ತದೆ ಎಂದು ದಾರ ಹಿಡಿದು ಅಳೆದ. ಅಲ್ಲೇ ನೆಲದ ಬಂಡೆಯಲ್ಲಿ ಒರಳು ಕಡೆದ. ಪಕ್ಕದ ಕಂಬ ನೋಡಿಕೊಂಡು ಬಾಯಿಯ ಸುತ್ತ ಎಸಳು ಬಿಡಿಸಿದ. ಅವಳ ಬಲಮಂಡಿ ಊರುವ ಜಾಗದಲ್ಲಿ ಮಾತ್ರ ಎಸಳು ಕೆತ್ತಲಿಲ್ಲ, ಚುಚ್ಚಬಾರದೆಂದು ನುಣ್ಣಗೆ ಉಜ್ಜಿ ಬಿಟ್ಟ. ಮೂವತ್ತೆಂಟು ವರ್ಷ ಶಾಂತಕ್ಕ ಆ ಕಂಬಗಳ ಮರೆಯಲ್ಲಿ ಎಡಗೈಯಿಂದ ರುಬ್ಬಿದಳು. ಮುಂದೆ ಕೂತು ಬೆರಳು ಚೀಪಿದವರಿಗೆ ಯಾವ ಕೈಯ ಚಟ್ನಿ ಎಂದು ಗೊತ್ತಾಗಲೇ ಇಲ್ಲ.

ಕಾಳಪ್ಪ ತೀರಿಕೊಂಡ ನಾಲ್ಕು ವರ್ಷಕ್ಕೆ ಸರ್ಕಾರ ಮಂಟಪಗಳಲ್ಲಿದ್ದವರನ್ನೆಲ್ಲ ಎಬ್ಬಿಸಿ, ಬಜಾರು ಬಿಡಬೇಕಾಗಿ ಬಂತು. ಜೆಸಿಬಿ ಬಂದು ನಿಂತಾಗ ಎಲ್ಲರೂ ಪಾತ್ರೆ, ಹಾಸಿಗೆ, ದೇವರ ಪಟ ಹೊತ್ತರೆ ಶಾಂತಕ್ಕ ರುಬ್ಬುಗುಂಡೊಂದನ್ನೇ ಮಗುವಿನಂತೆ ಎದೆಗವಚಿಕೊಂಡು ಹೊರಟಳು. ಒರಳು ನೆಲದ ಬಂಡೆಯದು, ಅದನ್ನು ಎತ್ತುವುದು ಹೇಗೆ? ಅವತ್ತಿನಿಂದ ಹದಿನಾಲ್ಕು ವರ್ಷ ಅವಳು ಬಜಾರು ಎಂಬ ಮಾತನ್ನೇ ಆಡಿರಲಿಲ್ಲ. ಟಿವಿಯಲ್ಲಿ ಹಂಪಿ ಬಂದರೆ ಎದ್ದು ಪಾತ್ರೆ ತೊಳೆಯುವುದಕ್ಕೆ ಹೋಗುವಳು. ನೆಂಟರು ಗುಡಿಗೆ ಹೊರಟರೆ ಅವಳಿಗೆ ಮಂಡಿನೋವು. ಗುಂಡು ಮಾತ್ರ ಗಾಳಿಗೆ ಬಾಗಿಲು ಬಡಿಯದಂತೆ ಕದದ ಹಿಂದೆ ಕುಳಿತಿತ್ತು.

ವಿರುಪಮ್ಮ ಮನೆಗೆ ಬಂದಾಗ ಶಾಂತಕ್ಕ ಹೊಸ್ತಿಲ ಬಳಿ ಕಾಲು ಚಾಚಿ ಕುಳಿತು ಮೊರದಲ್ಲಿ ಶೇಂಗಾ ಆರಿಸುತ್ತಿದ್ದಳು. ಮನೆಯಲ್ಲಿ ಇಬ್ಬರೇ. ವಿರುಪಮ್ಮನ ಗಂಡ ಉಚ್ಚೆಂಗಪ್ಪ ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುವವನು, ವಾರಕ್ಕೊಮ್ಮೆ ಬರುತ್ತಿದ್ದ. ವಿರುಪಮ್ಮ ಕಾಲು ತೊಳೆದು, ನೀರು ಕುಡಿದು, ಅವ್ವನ ಪಕ್ಕ ಕುಳಿತು ತಾನೂ ನಾಲ್ಕು ಕಾಳು ಆರಿಸಿದಳು. ಹೇಗೆ ಶುರು ಮಾಡಿದರೂ ಒಂದೇ ಎಂದುಕೊಂಡು ಹೇಳಿಯೇಬಿಟ್ಟಳು.

“ಅವ್ವ, ಹಿಂದಿನ ಅಂಕಣದ ಮಣ್ಣು ತಗದ್ರು ಇವತ್ತು.”

ಶಾಂತಕ್ಕನ ಬೆರಳು ಕಾಳಿನ ಮೇಲೆ ಓಡುತ್ತಲೇ ಇದ್ದವು.

“ಒಳ್ಳು ಹಂಗಾ ಐತಿ.”

ಬೆರಳು ನಿಂತವು. ಬೀದಿಯಲ್ಲಿ ಯಾರದೋ ಬೈಕು ಬಂದು, ತಿರುಗಿ, ಹೋಯಿತು.

“ಒಡದೈತೇನು?”

“ಇಲ್ಲ. ಒಂದು ಚಕ್ಕಿನೂ ಎದ್ದಿಲ್ಲ.”

“ಎಸಳು?”

“ಏಳೂ ಅದಾವು.”

ಹದಿನಾಲ್ಕು ವರ್ಷದಲ್ಲಿ ಆ ಜಾಗದ ಬಗ್ಗೆ ತಾಯಿ ಆಡಿದ ಮೊದಲ ಮಾತುಗಳು ಇವು. ವಿರುಪಮ್ಮನಿಗೆ ಅಳು ಬಂದಂತಾಗಿ, ಅದು ಬರುವ ಮೊದಲೇ ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು: ಕೆಂಪು, ಬಿಳಿ, ನಾಳೆ ಮಧ್ಯಾಹ್ನ, ಹಿರಿಯರ ಮಾತು.

“ನಿಮ್ಮಪ್ಪನ ಹೆಸರು ಹೇಳು,” ಎಂದಳು ಶಾಂತಕ್ಕ. “ಇದು ಅವರ ಕೈ ಅಂತ ಹೇಳು. ಆ ಹುಡುಗ ಓದಿದಾವ ಅಂತಿ, ಬರ್ಕೊಳ್ಳಲಿ. ಊರ ತುಂಬ ಕಡದ್ರು, ಎಲ್ಲೆರ ಒಂದ್ ಕಡಿ ಅವರ ಹೆಸರು ಐತೇನು?”

“ಹೆಸರು ಹೇಳಿದ್ರ ಮುಚ್ಚತಾರವ್ವ. ನಮ್ಮದು ಅಂದ್ರ ಕೆಂಪು. ಗಾರೆ ಕಲಸೋಳು ನಾನಾ. ನಿನ್ ಒಳ್ಳಿಗೆ ನಾ ಹೆಂಗ ಗಾರೆ ಹಾಕಲಿ?”

“ಸುಳ್ಳು ಹೇಳಿದ್ರ?”

“ಇರ್ತೈತಿ. ನಾವು ಸತ್ತ ಮ್ಯಾಲೂ ಇರ್ತೈತಿ. ಆದ್ರ ಅಪ್ಪಂದಾಗಿ ಇರಂಗಿಲ್ಲ.”

ಶಾಂತಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಿಂದ ಅದರ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿಕೊಂಡಳು.

ಮರುದಿನ ಬೆಳಿಗ್ಗೆ ವಿರುಪಮ್ಮ ಬುತ್ತಿ ಕಟ್ಟುತ್ತಿದ್ದಾಗ ಶಾಂತಕ್ಕ ತಲೆಸ್ನಾನ ಮಾಡಿ, ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಸೀರೆ ಉಟ್ಟು ಬಂದು ನಿಂತಳು. “ನಾನಾ ಬರ್ತೀನಿ,” ಎಂದಳು.

“ಏನ್ ಹೇಳ್ತಿ?”

“ಗೊತ್ತಿಲ್ಲವ್ವ. ನೋಡಿದ ಮ್ಯಾಲ ಬಾಯಿಗೆ ಏನ್ ಬರ್ತೈತೋ ಅದಾ.”

ಹೊರಡುವಾಗ ಅವಳು ಕದದ ಹಿಂದೆ ಬಗ್ಗಿ ರುಬ್ಬುಗುಂಡಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ತಗೊಂಡು ಹೋಗೋಣವೇ ಎಂದು ವಿರುಪಮ್ಮ ಕೇಳಿದ್ದಕ್ಕೆ, “ಬ್ಯಾಡ. ಇದು ಅದರಾಗ ಕುಂತ್ರ ಎಲ್ಲಾ ಬಾಯಿ ಬಿಡ್ತೈತಿ,” ಎಂದಳು.

ಆಟೋ ಗುಡಿಯ ಮುಂದೆ ಇಳಿಸಿತು. ಶಾಂತಕ್ಕ ಗೋಪುರಕ್ಕೆ ಕೈ ಮುಗಿದು ಬಜಾರಿನ ಕಡೆ ತಿರುಗಿದಳು. ಅಗಲವಾದ ಬೀದಿ ಕಣ್ಣಿಗೆ ಹೊಡೆಯುವಷ್ಟು ಖಾಲಿಯಾಗಿತ್ತು. ತೆಂಗಿನಕಾಯಿ ಅಂಗಡಿ ಇಲ್ಲ, ಬಳೆಯ ಸಾಲಿಲ್ಲ, ಹೊಗೆ ಇಲ್ಲ, ಮಕ್ಕಳನ್ನು ಕೂಗಿ ಕರೆಯುವ ಹೆಂಗಸರಿಲ್ಲ. ಕ್ಯಾಮೆರಾ ಹಿಡಿದ ನಾಲ್ಕು ಜನ ಕಂಬಗಳ ನೆರಳಲ್ಲಿ ನಿಂತಿದ್ದರು. ಮಂಡಿನೋವಿನ ಮುದುಕಿ ಯಾರ ಕೈಯನ್ನೂ ಹಿಡಿಯದೆ ನಡೆದಳು. ಒಂದು ಕಡೆ ಏನೂ ಇಲ್ಲದ ನೆಲವನ್ನು ಬಳಸಿ ದಾಟಿದಳು. ಅಲ್ಲಿ ಮೊದಲು ನಲ್ಲಿ ಇತ್ತು, ಯಾವಾಗಲೂ ಕೆಸರು. ವಿರುಪಮ್ಮ ತಾನೂ ಆರು ತಿಂಗಳಿಂದ ಆ ಕೆಸರನ್ನು ಬಳಸಿಕೊಂಡೇ ಓಡಾಡುತ್ತಿದ್ದೇನೆಂದು ಅವತ್ತು ಗಮನಿಸಿದಳು.

ಮಂಟಪದ ಮೆಟ್ಟಿಲೇರಿ ಶಾಂತಕ್ಕ ಕಂಬಕ್ಕೆ ಕೈಯೂರಿ ದಣಿವಾರಿಸಿಕೊಂಡಳು. ತೊಳೆದ ಕಂಬಗಳು ತಣ್ಣಗೆ, ಯಾರ ಮನೆಯೂ ಅಲ್ಲವೆಂಬಂತೆ ನಿಂತಿದ್ದವು. ತನ್ನ ಮನೆಯನ್ನು ಅವಳು ಅವುಗಳಲ್ಲಿ ಹುಡುಕಿದಳು, ಸಿಗಲಿಲ್ಲ. ಹಿಂದಿನ ಅಂಕಣಕ್ಕೆ ಹೋಗಿ ಬಗ್ಗಿ ನೋಡಿದಾಗ ಅವಳ ಮುಖದಲ್ಲಿ ಏನು ಬಂದು ಹೋಯಿತೋ, ವಿರುಪಮ್ಮ ನೋಡುವ ಧೈರ್ಯ ಮಾಡಲಿಲ್ಲ. ಗಾರೆ ಕಲಸುವ ಕಡೆ ಹೋಗಿ ಸುಣ್ಣಕ್ಕೆ ಇಟ್ಟಿಗೆ ಪುಡಿ ಸುರಿದಳು, ಬೆಲ್ಲದ ನೀರು ಹಾಕಿದಳು, ಅಳಲೆಕಾಯಿ ನೆನೆಸಿದ ನೀರು ಹಾಕಿದಳು. ಮಾತು ಯಾವ ಕಡೆ ತಿರುಗಿದರೂ ಗಾರೆ ಸಿದ್ಧವಿರಬೇಕಿತ್ತು. ಕೂಲಿಯವಳ ಕೆಲಸ ಅಷ್ಟೆ.

ಮೌನೇಶ ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಬಂದ. ಮುದುಕಿಗೆ ನಮಸ್ಕಾರ ಮಾಡಿ, ಕುಂದರ್ರಿ ಎಂದ. ಅವಳು ಕೂರಲಿಲ್ಲ.

“ನಿಮ್ಮ ಹೆಸರೇನ್ರಿ ಅಜ್ಜಿ?”

“ಶಾಂತಕ್ಕ.”

“ಯಜಮಾನ್ರ ಹೆಸರು?”

ಶಾಂತಕ್ಕ ಬಾಯಿ ತೆರೆದು ಮುಚ್ಚಿದಳು. ಗಂಡನ ಹೆಸರನ್ನು ಅವಳು ಎಂದೂ ಹೇಳಿದವಳಲ್ಲ. ಓಟಿನ ಚೀಟಿಗೆ, ರೇಷನ್ ಕಾರ್ಡಿಗೆ, ಆಸ್ಪತ್ರೆಗೆ, ಎಲ್ಲ ಕಡೆಯೂ ಪಕ್ಕದಲ್ಲಿದ್ದವರು ಹೇಳಿದ್ದರು. ಗಾರೆಯ ಬುಟ್ಟಿ ಹೊತ್ತು ಬಂದಿದ್ದ ವಿರುಪಮ್ಮ ಅದನ್ನು ಇಳಿಸಿ ರೂಢಿಯಂತೆ ಬಾಯಿ ಹಾಕಲು ಮುಂದೆ ಬಂದಳು. ಶಾಂತಕ್ಕ ಕೈಯೆತ್ತಿ ಅವಳನ್ನು ತಡೆದಳು.

“ಕಾಳಪ್ಪ,” ಎಂದಳು. ಇನ್ನೊಮ್ಮೆ, ಬಿಡಿಸಿ, “ಕಾಳಪ್ಪ ಅಂತ. ಕಲ್ಲಿನ ಕೆಲಸ ಮಾಡ್ತಿದ್ರು. ಅದನ್ನೂ ಬರ್ಕೊಳ್ಳಪ್ಪ.”

ಮೌನೇಶ ಬರೆದುಕೊಂಡ. “ಈ ಮಂಟಪಕ್ಕ ನೀವು ಬಂದಾಗ ಈ ಒಳ್ಳು ಇತ್ತೇನ್ರಿ?”

ಕಲಸಿದ ಗಾರೆಯ ಬುಟ್ಟಿಯ ಅಂಚನ್ನು ವಿರುಪಮ್ಮ ಗಟ್ಟಿಯಾಗಿ ಹಿಡಿದುಕೊಂಡಳು. ಹೇಳಿಬಿಡು ಅವ್ವ ಎಂದು ಒಂದು ಮನಸ್ಸು, ಹೇಳಬೇಡ ಎಂದು ಇನ್ನೊಂದು. ಶಾಂತಕ್ಕ ಒರಳನ್ನೇ ನೋಡುತ್ತಿದ್ದಳು. ಎಸಳುಗಳ ಮೇಲೆ ಅರ್ಧ ಸುತ್ತು ಬಂದು ನಿಂತಿದ್ದ ಕೆಂಪು ಗೆರೆಯನ್ನೂ ನೋಡಿದಳು.

“ಇತ್ತಪ್ಪ. ನಾವು ಬಂದಾಗ್ಲೇ ಇತ್ತು,” ಎಂದಳು. “ರಾಯರ ಕಾಲದ್ದು.”

ವಿರುಪಮ್ಮನ ಎದೆ ಹಗುರಾಯಿತು, ಹಗುರಾದ ಜಾಗದಲ್ಲೇ ಏನೋ ಕಿತ್ತುಹೋದಂತಾಯಿತು. ಅವ್ವ ಅಪ್ಪನನ್ನು ರಾಯರಿಗೆ ಕೊಟ್ಟುಬಿಟ್ಟಿದ್ದಳು. ಕೊಟ್ಟವಳು ಸೆರಗಿನಿಂದ ಬಾಯಿ ಒರೆಸಿಕೊಂಡು ನಿಂತಿದ್ದಳು.

ಮೌನೇಶನಿಗೆ ಖುಷಿಯೋ ಖುಷಿ. “ನಾ ಅಂದುಕೊಂಡಂಗಾ ಆತು ನೋಡ್ರಿ. ಬರ್ರಿ ಇಲ್ಲಿ ಅಜ್ಜಿ, ನಿಮಗ ಒಂದು ತೋರಸ್ತೀನಿ.” ಅವನು ಕುಳಿತು ಒರಳಿನೊಳಗೆ ಕೈಯಾಡಿಸಿದ. “ರಾತ್ರಿಯೆಲ್ಲಾ ಫೋಟೋ ನೋಡಿದೆ. ಈ ಮಗ್ಗಲು ನುಣ್ಣಗ ಸವದೈತಿ, ಆ ಮಗ್ಗಲು ಕಮ್ಮಿ. ಹಿಂದ ಗ್ವಾಡಿ, ಈ ಕಡಿ ಕಂಬ. ಕುಂದ್ರಾಕ ಜಾಗ ಇಲ್ಲೊಂದಾ ಕಡಿ. ಇಲ್ಲಿ ಕುಂತು ರುಬ್ಬಿದ್ರ ಹಿಂಗ ಸವೀಬೇಕಂದ್ರ ಆಕಿ ಎಡಚಿನಾ ಇರಬೇಕು.”

ಶಾಂತಕ್ಕನ ಎಡಗೈ ಮೆಲ್ಲಗೆ ಸೆರಗಿನೊಳಗೆ ಸರಿಯಿತು.

“ಅಷ್ಟಾ ಅಲ್ಲ. ಕಡದಾವನೂ ಎಡಗೈಗೆ ಅಂತನಾ ಅಳತಿ ಮಾಡಿ ಕಡದಾನ. ಹಿಟ್ಟು ತಗಿಯೋ ಇಳಿಜಾರು ನೋಡ್ರಿ, ಎಡಕ್ಕೈತಿ. ಯಾರೋ ಒಬ್ಬಾಕಿ ಎಡಚಿಗೆ ಅಂತ.”

ಶಾಂತಕ್ಕ ಒಂದು ಹೆಜ್ಜೆ ಮುಂದೆ ಬಂದಳು. “ಅದನ್ನೂ ಬರೀತೀಯೇನಪ್ಪ?”

“ಯಾವುದನ್ರಿ?”

“ಆಕಿ ಎಡಚಿ ಇದ್ಲು, ಆಕಿಗೆ ಅಂತ ಕಡದ್ರು ಅಂತ.”

“ಬರೀದಾ ಇರ್ತೀನೇನ್ರಿ ಅಜ್ಜಿ. ಅದನ್ನಾ ಮೊದ್ಲು ಬರೀತೀನಿ.” ಅವನು ಕ್ಯಾಮೆರಾ ತೆಗೆದ. “ನೀವೊಮ್ಮಿ ಇಲ್ಲಿ ಕುಂತು ತೋರಸ್ತೀರೇನು? ಮನಶ್ಯಾರು ಕುಂತ್ರ ಅಳತಿ ತಿಳೀತೈತಿ.”

ಶಾಂತಕ್ಕ ಮಗಳ ಕಡೆ ನೋಡಿದಳು. ಆಮೇಲೆ ಕಂಬ ಹಿಡಿದು, ಒಂದು ಕಾಲು ಮಡಿಚಿ, ಇನ್ನೊಂದು ಮಡಿಚಿ, ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಕಾಲೊನಿಯ ಮನೆಯಲ್ಲಿ ಕೂರಬೇಕಾದರೆ ಎರಡು ಸಲ ನರಳುವವಳು ನರಳಲಿಲ್ಲ. ಸೆರಗನ್ನು ಎಡಭುಜದ ಮೇಲಿಂದ ಇಳಿಬಿಟ್ಟು, ಬಲಗೈಯನ್ನು ಒರಳಿನಲ್ಲಿಟ್ಟು ಕ್ಯಾಮೆರಾ ನೋಡಿದಳು.

“ಆ ಕೈ ಅಲ್ಲ ಅಜ್ಜಿ,” ಎಂದು ಮೌನೇಶ ನಕ್ಕ. “ಎಡಗೈ ಇಡ್ರಿ. ಆಕಿ ಎಡಚಿ ಅಲ್ಲೇನು.”

ಮಂಟಪದ ಕೆಳಗೆ ಆಳುಗಳು ನಿಂತಿದ್ದರು, ದುರುಗೇಶ ನಿಂತಿದ್ದ, ಊರು ನೋಡಲು ಬಂದ ಇಬ್ಬರು ಮೆಟ್ಟಿಲ ಬಳಿ ಇಣುಕುತ್ತಿದ್ದರು. ಇಷ್ಟು ಮಂದಿಯ ಎದುರಿಗೆ ಶಾಂತಕ್ಕ ಸೆರಗಿನಿಂದ ಎಡಗೈ ತೆಗೆದು ಒರಳಿನೊಳಗೆ ಇಳಿಸಿದಳು. ಮೈ ತಾನಾಗಿ ಒಂದಿಷ್ಟು ಮುಂದಕ್ಕೆ ಬಾಗಿತು. ಬಲಮಂಡಿ ಸರಿದು ಬಂದು, ಎಸಳಿಲ್ಲದ ಜಾಗದ ಮೇಲೆ ಊರಿಕೊಂಡಿತು.

ಕ್ಯಾಮೆರಾದ ಹಿಂದೆ ಮೌನೇಶ ಗುಂಡಿ ಒತ್ತಲಿಲ್ಲ. ಕ್ಯಾಮೆರಾ ಇಳಿಸಿ ಮಂಡಿಯನ್ನು ನೋಡಿದ. ಮಂಡಿಯ ಎರಡೂ ಬದಿಯಲ್ಲಿ ಎಸಳುಗಳು ಶುರುವಾಗಿ ಸುತ್ತಿ ಹೋಗುವುದನ್ನು ನೋಡಿದ. ಒರಳಿನೊಳಗಿನ ಕೈಯನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, “ಮಂಡಿಗೆ ಒತ್ತಂಗಿಲ್ಲೇನ್ರಿ ಅಜ್ಜಿ?”

“ಇಲ್ಲಪ್ಪ,” ಎಂದಳು ಶಾಂತಕ್ಕ, ಒರಳಿನಿಂದ ಕಣ್ಣೆತ್ತದೆ. “ಇಲ್ಲಿ ನುಣ್ಣಗೈತಿ.”

ಗುಂಡನ್ನು ಮನೆಯಲ್ಲಿ ಬಿಟ್ಟು ಬಂದೂ ಅವ್ವ ಬಾಯಿ ಬಿಟ್ಟಿದ್ದಳು. ಮೌನೇಶ ರಟ್ಟಿನ ಮೇಲಿನ ಕಾಗದವನ್ನು ಎತ್ತಿಕೊಂಡು, ತಾನು ಬರೆದದ್ದನ್ನು ಮೊದಲ ಸಾಲಿನಿಂದ ಓದಿದ. ಗಂಡನ ಹೆಸರಿನ ಸಾಲಿನಲ್ಲಿ ಅವನ ಬೆರಳು ನಿಂತಿತು. ಕಲ್ಲಿನ ಕೆಲಸ, ಎಂದು ಅದರ ಮುಂದೆ ಅವನೇ ಬರೆದಿದ್ದ.

“ಸರ್, ಗಾರೆ ಬಿಗೀತೈತಿ,” ಎಂದು ಕೆಳಗಿನಿಂದ ದುರುಗೇಶ ಕೂಗಿದ. “ತುಂಬೋದಾ, ಬ್ಯಾಡಾ?”

ಮೌನೇಶ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ. ಕಾಗದವನ್ನು ತಿದ್ದಲಿಲ್ಲ. ವಿರುಪಮ್ಮನ ಬುಟ್ಟಿಯ ಮೇಲಿದ್ದ ಹಸಿ ಗೋಣಿತಟ್ಟಿನ ತುದಿಯಿಂದ ಒರಳಿನ ಅಂಚಿನ ಕೆಂಪು ಗೆರೆಯನ್ನು ಒರೆಸಿ, ಜೇಬಿನಿಂದ ಬಿಳಿ ಸೀಮೆಸುಣ್ಣ ತೆಗೆದು, ಶಾಂತಕ್ಕನ ಮಂಡಿಗೆ ತಾಗದಂತೆ ಸುತ್ತಲೂ ಎಳೆದ.

“ಬೇರೆ ಮಂಟಪಕ್ಕ ತಗೊಂಡು ಹೋಗ್ರಿ ಅಕ್ಕ ಆ ಗಾರೆ,” ಎಂದು ವಿರುಪಮ್ಮನಿಗೆ ಹೇಳಿ, ಕ್ಯಾಮೆರಾ ಎತ್ತಿ ಫೋಟೋ ತೆಗೆದ. “ಆತು ಅಜ್ಜಿ. ಏಳ್ರಿ ಇನ್ನ.”

ಶಾಂತಕ್ಕನಿಗೆ ಕೇಳಿಸಿತೋ ಇಲ್ಲವೋ. ಗುಂಡಿಲ್ಲದ ಒರಳಿನೊಳಗೆ ಅವಳ ಎಡಗೈ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ತಳದಲ್ಲಿ ಉಳಿದಿದ್ದ ನಾಲ್ಕು ಮರಳ ಕಾಳು ಬೆರಳಡಿಯಲ್ಲಿ ಸಣ್ಣಗೆ ಸದ್ದು ಮಾಡುತ್ತಿದ್ದವು.